ಟ್ರಾನ್ಸ್‌ಫರ್ ಕೇಸ್ ಆಯಿಲ್ ಸೋರ್ತಿದೆ, ಮಾಡಿಸಿದವರು ಅನುಭವ ಹೇಳಿ

ಸಕಲೇಶಪುರ ತೋಟ: 11 ವರ್ಷದ ಫೋರ್ ಬೈ ಫೋರ್ ಪಿಕಪ್. ಟ್ರಾನ್ಸ್‌ಫರ್ ಕೇಸಲ್ಲಿ (ಗೇರ್‌ಬಾಕ್ಸಿನ ಶಕ್ತಿನ ಮುಂದಿನ, ಹಿಂದಿನ ಚಕ್ರಗಳಿಗೆ ಹಂಚೋ ಬಾಕ್ಸ್) ಮುಂದಿನ ಔಟ್‌ಪುಟ್, ಅಂದ್ರೆ ಮುಂದಿನ ಚಕ್ರಗಳ ಕಡೆ ಶಾಫ್ಟ್ ಹೊರಬರೋ ಜಾಗದ ಹತ್ರ ಸೋರಿಕೆ, ಬೆಳಗ್ಗೆ ನೋಡಿದ್ರೆ ನೆಲದ ಮೇಲೆ ಅಂಗೈಯಗಲ ಕಲೆ. ಇಡೀ ಬಾಕ್ಸ್ ಇಳಿಸಬೇಕು, 18 ಸಾವಿರ ಅಂತಿದಾರೆ. ಬರೀ ಸೀಲ್ (ಶಾಫ್ಟ್ ಸುತ್ತ ಆಯಿಲ್ ತಡೆಯೋ ರಬ್ಬರ್ ಬಳೆ) ಹಾಕಿಸಿದ್ರೆ ಸಾಲದಾ? ಕೊಯ್ಲಿನೊಳಗೆ ಮುಗೀಬೇಕು.

ಮೂಡಿಗೆರೆ ಗೌಡ: ಬರೀ ಸೀಲ್ ಅಂತ ಹೋಗಿ ಕೆಟ್ಟವನು ನಾನು. ಮೊದಲನೇ ಸಲ ಸೀಲ್ 220, ಕೂಲಿ 900. ಇಪ್ಪತ್ತು ದಿನಕ್ಕೆ ಮತ್ತೆ ತೊಟ್ಟಿಕ್ತು. ಎರಡನೇ ಸಲ ಬೆಂಗಳೂರು ಜೆ.ಸಿ. ರಸ್ತೆಯಿಂದ 480ರ ಸೀಲ್, ಬಸ್ಸಲ್ಲಿ ತರಿಸಿದ್ದಕ್ಕೆ 90, ಮತ್ತೆ ಕೂಲಿ 900. ಅದೂ ಒಂದೂವರೆ ತಿಂಗಳು. ಕೊನೆಗೆ ಲೇತ್‌ನವರು ಯೋಕ್ (ಸೀಲ್ ಒಳಗೆ ತಿರುಗೋ, ಶಾಫ್ಟ್ ಜೋಡಿಸೋ ಭಾಗ) ಒರೆಸಿ "ಉಗುರು ಆಡಿಸಿ ನೋಡಿ ಸಾರ್" ಅಂದ್ರು. ಉಗುರು ಸಿಕ್ಕಿಹಾಕ್ಕೊಳ್ತು! ಸೀಲಿನ ತುಟಿ ಉಜ್ಜಿ ಉಜ್ಜಿ ಉಂಗುರದ ಹಾಗೆ ಗೀರು ಬಿದ್ದಿತ್ತು. ಅದರ ಮೇಲೆ ಯಾವ ಸೀಲ್ ಕೂತೀತು? ಗೀರಿನ ಮೇಲೆ ತೆಳು ಸ್ಲೀವ್ (ಲೋಹದ ಬಳೆ) ಹೊಡೆಸಿದ್ದಕ್ಕೆ 1,800, ಮತ್ತೊಂದು ಸೀಲ್ 480, ಕೂಲಿ ಈ ಸಲ ಸಾವಿರ. ಮೂರು ಸಲದ ಆಯಿಲ್ 1,470. ಒಟ್ಟು 7,340, ಚೀಟಿ ಇನ್ನೂ ಡ್ಯಾಶ್‌ಬೋರ್ಡಲ್ಲಿದೆ. ಬಾಕ್ಸ್ ಮಾತ್ರ ಇಳಿಸಲಿಲ್ಲ.

ಮಡಿಕೇರಿ ಜೀಪು: ಗೌಡ್ರೇ, ಬ್ರೀದರ್ (ಬಾಕ್ಸಿಗೆ ಗಾಳಿ ಆಡೋ ಸಣ್ಣ ದಾರಿ) ನೋಡಿದ್ರಾ? ಮಾಂದಲಪಟ್ಟಿಗೆ ದಿನಾ ನಾಲ್ಕು ಟ್ರಿಪ್ ಹೊಡೆಯೋನು ನಾನು. ಕೆಸರು ಮೆತ್ತಿ ಬ್ರೀದರ್ ಕಟ್ಟಿದ್ರೆ, ಬಾಕ್ಸ್ ಕಾದಾಗ ಒಳಗಿನ ಗಾಳಿಗೆ ಹೋಗೋಕೆ ದಾರಿ ಇಲ್ಲ, ಸೀಲ್ ಸಂದಿಯಿಂದ ಆಯಿಲ್ ತಳ್ಳುತ್ತೆ. ಕಾದ ಬಾಕ್ಸು ಹಳ್ಳಕ್ಕಿಳಿದು ತಣ್ಣಗಾದ್ರೆ ನೀರು ಎಳ್ಕೊಳ್ಳುತ್ತೆ. 2019ರ ಮಳೇಲಿ ಡ್ರೇನ್ ಪ್ಲಗ್ ಬಿಚ್ಚಿದ್ರೆ ಹಾಲು ಹಾಕಿದ ಕಾಫಿ ಸುರೀತು. ಬೇರಿಂಗೆಲ್ಲಾ ತುಕ್ಕು, 11,200 ಹೋಯ್ತು. ಆಮೇಲೆ 60 ರೂಪಾಯಿ ಪೈಪ್ ಹಾಕಿ ಬ್ರೀದರನ್ನ ಬಾನೆಟ್ ಒಳಗೆ ಮೇಲಕ್ಕೆ ಕಟ್ಟಿದೀನಿ. ಸೀಲ್ ಸೀಲ್ ಅಂತ ಬಡ್ಕೊಳ್ಳೋರು ಮೊದಲು ತಂತಿ ತೂರಿಸಿ ನೋಡಲಿ.

ಮೂಡಿಗೆರೆ ಗೌಡ: ಬಡ್ಕೊಳ್ಳೋರು ಅಂದ್ರೆ ಯಾರು ಸ್ವಾಮಿ? ಬ್ರೀದರ್ ಮೊದಲನೇ ಸಲಾನೇ ಡೀಸೆಲಲ್ಲಿ ತೊಳೆಸಿದ್ದೆ. ಗೀರು ಬಿದ್ದ ಯೋಕ್‌ಗೆ ನಿಮ್ಮ 60 ರೂಪಾಯಿ ಪೈಪು ಏನ್ ಮಾಡುತ್ತೆ?

ಹೂಸ್ಟನ್ ಹಾಸನದವ: ನನ್ನದು ಇಲ್ಲಿನ ಪಿಕಪ್. ನಿಂತಾಗ ಒಂದು ಹನಿ ಬೀಳ್ತಿರಲಿಲ್ಲ, ಓಡುವಾಗ ಮಾತ್ರ ಸೋರಿಕೆ. ಎರಡು ಸೀಲ್ ಬದಲಿಸಿ ಬೇಸತ್ತೆ. ಕಡೆಗೆ ನೋಡಿದ್ರೆ ಒಳಗಿನ ಆಯಿಲ್ ಪಂಪ್ ಅಲ್ಲಾಡಿ ಅಲ್ಲಾಡಿ, ಮೆಗ್ನೀಸಿಯಂ ಕೇಸಿಗೆ ಹಿಂದುಗಡೆ ಮೇಲ್ಭಾಗದಲ್ಲಿ ಸೂಜಿ ತೂತು ಕೊರೆದಿತ್ತು! ತೂತು ಆಯಿಲ್ ಮಟ್ಟದಿಂದ ಮೇಲಿರೋದ್ರಿಂದ ನಿಂತಾಗ ಗೊತ್ತೇ ಆಗಲ್ಲ. ಎಪಾಕ್ಸಿ ಅಂಟು ಮೆತ್ತಿ ಎಂಟು ತಿಂಗಳು ತಳ್ಳಿದೆ, ಆಮೇಲೆ ಹಿಂದಿನ ಅರ್ಧ ಕೇಸನ್ನೇ ಬದಲಿಸಿದೆ. ಬಿಡಿಭಾಗಕ್ಕೇ 310 ಡಾಲರ್, ಕೆಲಸ ನನ್ನದೇ, ಎರಡು ಶನಿವಾರ, ಒಂದು ಬೆರಳುಗುರು.

ಮಡಿಕೇರಿ ಜೀಪು: ಅವರದ್ದು ನಿಂತಾಗಲೇ ಸೋರ್ತಿದೆ ಅಂತ ಬರೆದಿದಾರಲ್ಲ ಸಾರ್. ಡಾಲರ್ ಲೆಕ್ಕ ಇಲ್ಲಿ ಯಾಕೆ?

ಹೂಸ್ಟನ್ ಹಾಸನದವ: ಅನುಭವ ಕೇಳಿದ್ರು, ಹೇಳಿದೆ. ನಿಮ್ಮ ಟ್ರಿಪ್ ಲೆಕ್ಕವನ್ನೂ ಯಾರೂ ಕೇಳಿರಲಿಲ್ಲ.

ಕೊಪ್ಪದ ಭಟ್ಟರು: ಒಂಬತ್ತು ವರ್ಷ ತಿಂಗಳಿಗೆ ಕಾಲು ಲೀಟರ್ ಸುರಿದು ಓಡಿಸಿದವ ನಾನು, ಯಾವ ಮೆಕ್ಯಾನಿಕ್ಕಿಗೂ ಕಾಸು ಬಿಚ್ಚಿಲ್ಲ. ಆದ್ರೆ ನನ್ನ ಹಳೇ ಜೀಪಿನ ಹ್ಯಾಂಡ್‌ಬ್ರೇಕ್ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂದೇನೇ. ಸೋರಿದ ಆಯಿಲ್ ಒಳಗೆ ಇಳಿದು ಲೈನಿಂಗ್ ನೆನೆದಿದ್ದು ಗೊತ್ತಾಗಲಿಲ್ಲ. ಒಂದು ಸಂಜೆ ಲಿವರ್ ಎಳೆದು ಇಳಿದೆ, ಜೀಪು ನನಗಿಂತ ಮುಂಚೆ ಅಡಿಕೆ ಅಂಗಳ ಸೇರ್ತು. ಚಪ್ಪರದ ಎರಡು ಕಂಬ ಹೋದವು, ಹೆಂಡತಿ ಇವತ್ತಿಗೂ ಆಡ್ಕೊಳ್ತಾಳೆ.

ಮೂಡಿಗೆರೆ ಗೌಡ: ಭಟ್ರೇ, ಕಾಸು ಬಿಚ್ಚಿಲ್ಲ ಅಂತೀರಿ. ತಿಂಗಳಿಗೆ ಕಾಲು ಲೀಟರ್ ಅಂದ್ರೆ ಒಂಬತ್ತು ವರ್ಷಕ್ಕೆ 27 ಲೀಟರ್ ಆಯಿಲ್. ಕಂಬ ಬೇರೆ.

ಕೊಪ್ಪದ ಭಟ್ಟರು: ಕಂಬ ನಮ್ಮ ತೋಟದ್ದೇ.

ಸಕಲೇಶಪುರ ತೋಟ: ಎಲ್ಲರಿಗೂ ನಮಸ್ಕಾರ. ಬ್ರೀದರಿಗೆ ತಂತಿ ತೂರಿಸಿದೆ, ಕಟ್ಟಿರಲಿಲ್ಲ. ಸೀಲ್ ಸೈಜ್ ಯಾರಾದ್ರೂ ಹೇಳ್ತೀರಾ?

ಮಡಿಕೇರಿ ಜೀಪು: ಹಳೇ ಸೀಲಿನ ಮೇಲೇ ಬರೆದಿರುತ್ತೆ. ಸ್ಪ್ರಿಂಗ್ ಇರೋ ಮುಖ ಒಳಗೆ, ಆಯಿಲ್ ಇರೋ ಕಡೆಗೆ ಬರಬೇಕು, ತುಟಿಗೆ ಆಯಿಲ್ ಸವರಿ ಕೂರಿಸಿ. ಮತ್ತೆ ಗೌಡ್ರೇ, ಡೀಸೆಲಲ್ಲಿ ತೊಳೆದ್ರೆ ಒಣಗಿದ ಕೆಸರು ಬರಲ್ಲ.

ಮೂಡಿಗೆರೆ ಗೌಡ: ನೀವು ಬಂದು ತೊಳೆದುಕೊಡಿ, ಟ್ರಿಪ್ಪಿಗೆ ಎಷ್ಟಾಗುತ್ತೆ ಹೇಳಿ.