ಓದುಗರ ಸ್ಪಂದನ: ಮಗಳನ್ನು ಕಿರುಚಿತ್ರಕ್ಕೆ ಕಳುಹಿಸಬೇಕೆ?

(ಡೌನ್ ಸಿಂಡ್ರೋಮ್ ಇರುವ ತಮ್ಮ 19 ವರ್ಷದ ಮಗಳನ್ನು ಮಣಿಪಾಲದ ಯುವಕರ ತಂಡವೊಂದು ಕಿರುಚಿತ್ರದಲ್ಲಿ ನಟಿಸಲು ಕರೆದಿದೆಯೆಂದೂ, ಮಗಳಿಗೆ ಆಸೆಯಿದ್ದರೂ ‘ಜನ ನಗುತ್ತಾರೆ’ ಎಂದು ಅತ್ತೆಯವರು ತಡೆಯುತ್ತಿದ್ದಾರೆಂದೂ ಉಡುಪಿಯ ಓದುಗರೊಬ್ಬರು ಬರೆದಿದ್ದರು.)

ಪ್ರಿಯ ಸಹೋದರಿ, ಅತ್ತೆಯವರ ಅಂಜಿಕೆಯನ್ನು ಹಗುರವಾಗಿ ಕಾಣಬೇಡಿ. ಇಂಥ ಪಾತ್ರಗಳನ್ನು ಪ್ರೇಕ್ಷಕರನ್ನು ನಗಿಸಲು ಇಲ್ಲವೇ ಅಳಿಸಲು ತಂದು ನಿಲ್ಲಿಸುವ ಚಿತ್ರಗಳನ್ನೇ ಅವರು ನೋಡುತ್ತ ಬಂದಿರಬಹುದು. ಒಪ್ಪಿಗೆ ಕೊಡುವ ಮೊದಲು ಚಿತ್ರಕಥೆಯನ್ನು ಪೂರ್ತಿಯಾಗಿ ತರಿಸಿ ಓದಿ. ನಿಮ್ಮ ಮಗಳು ನಟಿಸುವ ಪಾತ್ರದ ಹುಡುಗಿ ಏನನ್ನು ಬಯಸುತ್ತಾಳೆ, ಯಾರ ಮೇಲೆ ಸಿಟ್ಟಾಗುತ್ತಾಳೆ, ಯಾವ ನಿರ್ಧಾರವನ್ನು ತಾನೇ ಕೈಗೊಳ್ಳುತ್ತಾಳೆ ಎಂಬುದು ಅದರಲ್ಲಿ ಕಾಣಬೇಕು. ಕಥಾನಾಯಕನ ಒಳ್ಳೆಯತನವನ್ನು ತೋರಿಸುವುದಷ್ಟೇ ಅವಳ ಕೆಲಸವಾಗಿದ್ದರೆ ಬದಲಿಸಲು ಕೇಳಿ. ಸಂಭಾಷಣೆಯಲ್ಲಿ ‘ದೇವರ ಮಗು’ ಎಂದಿದ್ದರೆ ಅದನ್ನೂ ತೆಗೆಸಿ, ಅವಳಿಗೆ ಮತದಾನದ ವಯಸ್ಸಾಗಿದೆ. ಇಂಥವರು ಸದಾ ನಗುಮುಖದವರು ಎಂಬುದು ಸಿನಿಮಾದವರ ಕಲ್ಪನೆ. ಡೌನ್ ಸಿಂಡ್ರೋಮ್‌ಗೆ ಕಾರಣವಾದ 21ನೆಯ ವರ್ಣತಂತುವಿನ (ಕ್ರೋಮೋಸೋಮ್) ಹೆಚ್ಚುವರಿ ಪ್ರತಿ ಕಲಿಕೆಯ ವೇಗವನ್ನು ತಗ್ಗಿಸೀತೇ ಹೊರತು ಹಠವನ್ನಾಗಲಿ ಹೊಟ್ಟೆಕಿಚ್ಚನ್ನಾಗಲಿ ಕಡಿಮೆ ಮಾಡುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಧಾರಾಳವಾಗಿ ಅನುಭವಿಸಿದ್ದೇನೆ.
– ನಿವೃತ್ತ ವಿಶೇಷ ಶಿಕ್ಷಕಿ, ಕದ್ರಿ, ಮಂಗಳೂರು

ಬೇರೆ ನಟಿಗೆ ಮೇಕಪ್ ಮಾಡಿಸದೆ ನಿಮ್ಮ ಮಗಳನ್ನೇ ಕರೆದಿರುವುದಕ್ಕೆ ಆ ಹುಡುಗರನ್ನು ಮೆಚ್ಚಬೇಕು. ಡೌನ್ ಸಿಂಡ್ರೋಮ್ ಇರುವ ಪಾಸ್ಕಲ್ ಡುಕೆನ್ ‘ದಿ ಏಯ್ತ್ ಡೇ’ ಚಿತ್ರದ ನಟನೆಗಾಗಿ 1996ರ ಕಾನ್ ಚಿತ್ರೋತ್ಸವದಲ್ಲಿ, ಸಹನಟ ಡೇನಿಯಲ್ ಒತೊಯ್ ಅವರೊಂದಿಗೆ ಅತ್ಯುತ್ತಮ ನಟ ಪ್ರಶಸ್ತಿಯನ್ನು ಹಂಚಿಕೊಂಡರು. ಆದರೆ ಕದ್ರಿಯ ಶಿಕ್ಷಕಿಯವರು ಹೇಳುವ ಅಪಾಯ ಅಲ್ಲಿಯೂ ಉಂಟು: ಡುಕೆನ್ ಅವರ ಪಾತ್ರದ ಸ್ನೇಹದಿಂದ ಬದುಕು ತಿದ್ದಿಕೊಳ್ಳುವವನು ಮತ್ತೊಬ್ಬ, ಕೊನೆಗೆ ಸಾಯುವವನು ಮಾತ್ರ ಇವನೇ. ನಟನಿಗೆ ನ್ಯಾಯ ಸಿಕ್ಕಿತು, ಪಾತ್ರಕ್ಕೆ ಸಿಗಲಿಲ್ಲವೆಂಬುದು ನನ್ನ ಅಭಿಪ್ರಾಯ. ಇನ್ನು ನಗುವ ಮಾತು. ಯಕ್ಷಗಾನದ ಹಾಸ್ಯಗಾರನನ್ನು ಕಂಡು ಜನ ನಗುವುದು ಅವನ ಮಾತಿನ ಚುರುಕಿಗೆ. ನಿಮ್ಮ ಮಗಳ ಪಾತ್ರಕ್ಕೂ ಅಂಥ ಚುರುಕು ಮಾತುಗಳಿದ್ದರೆ ಜನ ನಗಲಿ ಬಿಡಿ. ಅಂಗವೈಕಲ್ಯವನ್ನು ಹೀಯಾಳಿಸುವ ಹಾಸ್ಯ ಬೇರೆ, ಅದನ್ನು ಅರ್ಥಮಾಡಿಸುವ ಹಾಸ್ಯ ಬೇರೆ ಎಂದು 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ.
– ಹವ್ಯಾಸಿ ರಂಗಕರ್ಮಿ, ಉಡುಪಿ

ಮೇಲಿನವರಷ್ಟು ಉತ್ಸಾಹ ನನಗಿಲ್ಲ. ಚಿತ್ರ ಎಷ್ಟೇ ಸಭ್ಯವಾಗಿದ್ದರೂ ಅದರ ಅರ್ಧ ನಿಮಿಷದ ತುಣುಕನ್ನು ಕತ್ತರಿಸಿ ಮೊಬೈಲುಗಳಲ್ಲಿ ಹರಿಯಬಿಡುವವರಿದ್ದಾರೆ. ಆದುದರಿಂದ ತುಣುಕುಗಳನ್ನು ನಿಮ್ಮನ್ನು ಕೇಳದೆ ಪ್ರಕಟಿಸುವುದಿಲ್ಲವೆಂದು ತಂಡದವರಿಂದ ಬರೆಸಿಕೊಳ್ಳಿ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲ್ಭಾಗದ ಮೂಳೆಗಳ ಹಿಡಿತ ಸಡಿಲವಾಗಿರುತ್ತದೆ, ಸುಮಾರು ಅರ್ಧದಷ್ಟು ಜನರಿಗೆ ಹುಟ್ಟಿನಿಂದಲೇ ಹೃದಯದ ತೊಂದರೆಯಿರುತ್ತದೆ. ಹಾರುವ, ಬೀಳುವ ಅಥವಾ ಕಡಲಲ್ಲಿ ಧುಮುಕುವ ದೃಶ್ಯಗಳಿದ್ದರೆ ವೈದ್ಯರನ್ನು ಕೇಳದೆ ಒಪ್ಪಬೇಡಿ. ಉಳಿದವರಿಗೆ ಸಂಭಾವನೆಯಿದ್ದರೆ ಅವಳಿಗೂ ಇರಲಿ, ಅದು ಅವಳ ಖಾತೆಗೇ ಬರಲಿ.
– ಡೌನ್ ಸಿಂಡ್ರೋಮ್ ಇರುವ ಯುವಕನ ತಂದೆ, ಸುರತ್ಕಲ್