83 ಕಿಲೋ ತೂಕದ ಹುಡುಗ ಹೆವಿವೇಟ್ ವಿಭಾಗಕ್ಕೆ ಹೋಗಬಹುದೆ?

ಬದಿಯಡ್ಕದ ಸೋದರಮಾವ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗನಿಗೆ ಈಗ ಹತ್ತೊಂಬತ್ತು ವರ್ಷ. ಕಾಸರಗೋಡಿನಲ್ಲಿ ಪದವಿ ಓದುತ್ತಿದ್ದಾನೆ. ವಾರದ ಕೊನೆಯಲ್ಲಿ ರೈಲು ಹಿಡಿದು ಕಣ್ಣೂರಿಗೆ ಹೋಗಿ ಬಾಕ್ಸಿಂಗ್ ಅಭ್ಯಾಸ ಮಾಡುತ್ತಾನೆ. ಎತ್ತರ 178 ಸೆಂಟಿಮೀಟರ್, ತೂಕ 83 ಕಿಲೋ. ಇದುವರೆಗೆ 85 ಕಿಲೋ ವಿಭಾಗದಲ್ಲಿ ಆಡಿದ್ದಾನೆ. ಆ ವಿಭಾಗದಲ್ಲಿ ಪೈಪೋಟಿ ಹೆಚ್ಚು, ಎಲ್ಲಕ್ಕಿಂತ ಭಾರದ, 90 ಕಿಲೋ ಮೇಲ್ಪಟ್ಟ ವಿಭಾಗಕ್ಕೆ ಹೆಸರು ಕೊಡುವವರೇ ಕಡಿಮೆ, ಅಲ್ಲಿ ಒಂದೆರಡು ಬೌಟ್ (ಪಂದ್ಯ) ಗೆದ್ದರೆ ರಾಜ್ಯಮಟ್ಟದ ಪದಕ ಸಿಗುತ್ತದೆ, ಪದಕವಿದ್ದರೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಅರ್ಜಿ ಹಾಕಬಹುದು ಎಂದು ಅವನ ಕೋಚ್ ಹೇಳಿದ್ದಾರಂತೆ. ಅಂದಿನಿಂದ ಹುಡುಗ ಮೊಟ್ಟೆ, ನೇಂದ್ರ ಬಾಳೆಹಣ್ಣು, ಅನ್ನ ಎಂದು ತಿನ್ನುತ್ತಲೇ ಇದ್ದಾನೆ. ಅಕ್ಕನಿಗೆ ಅವನ ತಲೆಗೆ ಬೀಳುವ ಏಟಿನ ಭಯ. ನಾನು ಬೇಡವೆಂದರೆ, "ಉಸಿಕ್ ತನಗಿಂತ ಅಷ್ಟು ದೊಡ್ಡವನಾದ ಫ್ಯೂರಿಯನ್ನು ಸೋಲಿಸಲಿಲ್ಲವೆ ಮಾವ?" ಎಂದು ವೃತ್ತಿಪರ ಹೆವಿವೇಟ್ ಚಾಂಪಿಯನ್‌ಗಳ ಉದಾಹರಣೆ ಕೊಟ್ಟು ಮರುಪ್ರಶ್ನೆ ಹಾಕುತ್ತಾನೆ. ಇದಕ್ಕೆ ಏನು ಉತ್ತರ ಕೊಡಲಿ? ತಿಳಿದವರು ದಯವಿಟ್ಟು ಹೇಳಬೇಕು.

ಉಪ್ಪಳದ ಹಳೆಯ ಬಾಕ್ಸರ್:

ನಿಮ್ಮ ಅಳಿಯ ಒಳ್ಳೆಯ ಹೆಸರನ್ನೇ ಹೇಳಿದ್ದಾನೆ, ಆದರೆ ಅರ್ಧ ಕಥೆಯನ್ನು ಮಾತ್ರ ನೋಡಿದ್ದಾನೆ. 2024ರ ಮೇ ತಿಂಗಳಲ್ಲಿ ರಿಯಾದ್‌ನಲ್ಲಿ ಫ್ಯೂರಿ ಸುಮಾರು 119 ಕಿಲೋ ಇದ್ದಾಗ ಉಸಿಕ್ 101 ಕಿಲೋ ಇದ್ದುದು ನಿಜ. ಆದರೆ ಉಸಿಕ್ 191 ಸೆಂಟಿಮೀಟರ್ ಎತ್ತರದ ಆಳು. ಫ್ಯೂರಿಯ ಪಕ್ಕದಲ್ಲಿ ಮಾತ್ರ ಚಿಕ್ಕವನು. ಅವನು 2006ರಲ್ಲಿ 75 ಕಿಲೋ ವಿಭಾಗದಲ್ಲಿ ಯುರೋಪಿಯನ್ ಕಂಚು ಪಡೆದು, 2008ರಲ್ಲಿ 81 ಕಿಲೋದಲ್ಲಿ ಯುರೋಪಿಯನ್ ಚಾಂಪಿಯನ್ ಆಗಿ, 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 91 ಕಿಲೋ ವಿಭಾಗದ ಚಿನ್ನ ಗೆದ್ದು, ವೃತ್ತಿಪರನಾದ ಮೇಲೂ ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್‌ನ ಎಲ್ಲ ಪಟ್ಟಗಳನ್ನು 2018ರಲ್ಲಿ ಒಟ್ಟುಗೂಡಿಸಿಕೊಂಡ ನಂತರವೇ, 2019ರಲ್ಲಿ ಹೆವಿವೇಟ್‌ಗೆ ಬಂದವನು. ಅಷ್ಟು ವರ್ಷ ಹಿಡಿದ ಏರಿಕೆಯನ್ನು ಮೂರು ತಿಂಗಳ ಮೊಟ್ಟೆ, ಬಾಳೆಹಣ್ಣುಗಳಿಂದ ಸಾಧಿಸಲಾಗದು.

ಇನ್ನೂ ಮುಖ್ಯವಾದದ್ದು ಸುತ್ತುಗಳ ಲೆಕ್ಕ. ಚಿಕ್ಕ ಬಾಕ್ಸರ್ ದೊಡ್ಡವನನ್ನು ಗೆಲ್ಲುವುದು ಹೆಚ್ಚಾಗಿ ಅವನನ್ನು ದಣಿಸಿ. ಆರಂಭದಲ್ಲಿ ಕಾಲಿನ ಚುರುಕಿನಿಂದ ತಪ್ಪಿಸಿಕೊಳ್ಳುತ್ತ, ಹೊಟ್ಟೆಗೆ ಹೊಡೆಯುತ್ತ, ಎದುರಾಳಿಯ ಉಸಿರು ಕುಂದಿದ ಮೇಲೆ ಅವನು ತನ್ನ ಕೆಲಸ ಮುಗಿಸುತ್ತಾನೆ. ಉಸಿಕ್ ಫ್ಯೂರಿಯನ್ನು ತತ್ತರಿಸುವಂತೆ ಮಾಡಿದ್ದು ಒಂಬತ್ತನೆಯ ಸುತ್ತಿನಲ್ಲಿ. ನಿಮ್ಮ ಅಳಿಯ ಆಡುವ ಅಮೆಚೂರ್ (ವೃತ್ತಿಪರವಲ್ಲದ) ಬೌಟ್‌ನಲ್ಲಿ ಇರುವುದೇ ಮೂರು ಮೂರು ನಿಮಿಷಗಳ ಮೂರು ಸುತ್ತು. ನೂರು ಕಿಲೋದವನಿಗೂ ಒಂಬತ್ತು ನಿಮಿಷ ಜೋರಾಗಿ ಹೊಡೆಯುವಷ್ಟು ದಮ್ಮು ಇರುತ್ತದೆ. ದೊಡ್ಡವನು ದಣಿಯಲು ಆರಂಭಿಸುವ ಮೊದಲೇ ಕೊನೆಯ ಗಂಟೆ ಬಾರಿಸಿರುತ್ತದೆ.

ದಣಿಸಿದರೂ ಅಪಾಯ ತಪ್ಪಿತೆಂದಲ್ಲ. 1941ರಲ್ಲಿ ಬಿಲ್ಲಿ ಕಾನ್ ಎಂಬ ಲೈಟ್ ಹೆವಿವೇಟ್ (ಹೆವಿವೇಟ್‌ಗಿಂತ ಕೆಳಗಿನ ವಿಭಾಗದ) ಬಾಕ್ಸರ್ ಹೆವಿವೇಟ್ ಚಾಂಪಿಯನ್ ಜೋ ಲೂಯಿಸ್‌ನ ಎದುರು ಹನ್ನೆರಡು ಸುತ್ತು ಮುಗಿದಾಗ ಅಂಕಗಳಲ್ಲಿ ಮುಂದಿದ್ದನು; ಹದಿಮೂರನೆಯ ಸುತ್ತಿನಲ್ಲಿ ನಾಕೌಟ್ ಮಾಡಲು ಹೋಗಿ ತಾನೇ ನಾಕೌಟ್ ಆದನು. ಚಿಕ್ಕವನು ಪಂದ್ಯವಿಡೀ ಚೆನ್ನಾಗಿ ಆಡಬೇಕು, ದೊಡ್ಡವನಿಗೆ ಒಂದೇ ಒಂದು ಹೊಡೆತ ಸಾಕು.

ನಿಯಮದ ಮಾತೂ ಒಂದಿದೆ. ವೃತ್ತಿಪರ ಹೆವಿವೇಟ್‌ನಲ್ಲಿ ಕಡಿಮೆ ತೂಕದವನು ಹೋಗಿ ಆಡಲು ಅಡ್ಡಿಯಿಲ್ಲ. 2003ರಲ್ಲಿ ರಾಯ್ ಜೋನ್ಸ್ ಜೂನಿಯರ್ 193 ಪೌಂಡ್, ಅಂದರೆ 87.5 ಕಿಲೋ ತೂಕದಲ್ಲೇ 226 ಪೌಂಡಿನ ಜಾನ್ ರೂಯಿಜ್‌ನನ್ನು ಸೋಲಿಸಿದನು. ಆದರೆ ಅಮೆಚೂರ್ ವಿಭಾಗಗಳಿಗೆ ಕೆಳಮಿತಿಯೂ ಇರುವುದರಿಂದ, ಬೆಳಗಿನ ತೂಕದಲ್ಲಿ 90 ದಾಟದಿದ್ದರೆ ನಿಮ್ಮ ಹುಡುಗನನ್ನು ಮೇಲಿನ ವಿಭಾಗದಲ್ಲಿ ಆಡಲು ಬಿಡುವುದಿಲ್ಲ. ಹಾಗಾಗಿ ಅವನು ಏಳೆಂಟು ಕಿಲೋ ಏರಿಸಲೇಬೇಕು. ಅವಸರದಲ್ಲಿ ಏರಿಸಿದ ತೂಕದಲ್ಲಿ ಬಹುಪಾಲು ಕೊಬ್ಬು, ಅದು ಮುಷ್ಟಿಗೆ ಬಲ ಕೊಡುವುದಿಲ್ಲ, ಕಾಲನ್ನು ಭಾರ ಮಾಡುತ್ತದೆ. ಅವನ ಆಸ್ತಿಯೇ ಕಾಲಿನ ಚುರುಕಾಗಿದ್ದರೆ ಅದನ್ನೇ ಮಾರಿ ತೂಕ ಕೊಂಡಂತಾಯಿತು.

ಜತ್ತದ ಪೈಲ್ವಾನ:

ನಾನು ಕುಸ್ತಿಯವನು, ಬಾಕ್ಸಿಂಗ್ ಬಗ್ಗೆ ಅಧಿಕಾರದಿಂದ ಮಾತನಾಡಲಾರೆ. ಜಾತ್ರೆಯ ಕುಸ್ತಿಯಲ್ಲಿ ತಕ್ಕಡಿ ಇಲ್ಲ, ಹಿರಿಯರು ಕಣ್ಣಳತೆಯಲ್ಲಿ ಜೋಡಿ ಕಟ್ಟುತ್ತಾರೆ, ಹತ್ತು ಕಿಲೋ ಹೆಚ್ಚುಕಡಿಮೆಯನ್ನು ನಾವು ದೊಡ್ಡದೆಂದು ಭಾವಿಸುವುದಿಲ್ಲ. ಏಕೆಂದರೆ ನಮ್ಮಲ್ಲಿ ಚಿಕ್ಕವನು ದೊಡ್ಡವನ ಕೆಳಗೆ ನುಗ್ಗಿ ಕಾಲು ಹಿಡಿಯಬಹುದು, ಅವನ ಭಾರವನ್ನೇ ಅವನ ಮೇಲೆ ತಿರುಗಿಸಬಹುದು. ಬಾಕ್ಸಿಂಗಿನಲ್ಲಿ ಹಿಡಿದರೆ ರೆಫರಿ ಬಿಡಿಸಿ ಎಚ್ಚರಿಕೆ ಕೊಡುತ್ತಾರೆ. ಆದ್ದರಿಂದ ಉಪ್ಪಳದವರ ಮಾತು ಸರಿ ಎನಿಸುತ್ತದೆ. ಆದರೆ ತೂಕ ಏರಿಸಿದರೆ ಚುರುಕು ಹೋಗಿಯೇ ಹೋಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಬೈಠಕ್, ದಂಡ, ಹಾಲು, ಬಾದಾಮಿಯ ಜೊತೆಗೆ ಎರಡು ಮೂರು ವರ್ಷದ ತಾಳ್ಮೆ ಇದ್ದರೆ ಒಳ್ಳೆಯ ತೂಕವೇ ಬರುತ್ತದೆ.

ಬದಿಯಡ್ಕದ ಸೋದರಮಾವ:

ಇಬ್ಬರಿಗೂ ಧನ್ಯವಾದಗಳು. ಕೆಳಮಿತಿಯ ವಿಚಾರ ನನಗೆ ಗೊತ್ತಿರಲಿಲ್ಲ. ಆದರೆ ಪದಕದ ಆಸೆ ಸುಳ್ಳಲ್ಲವಲ್ಲ? ನಮ್ಮಂಥ ಮನೆಯಲ್ಲಿ ಒಂದು ಸರ್ಕಾರಿ ಕೆಲಸದ ದಾರಿ ತೆರೆಯುವುದೆಂದರೆ ಅದನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡಲಾಗುವುದಿಲ್ಲ.

ಕುಂಬಳೆಯ ದೈಹಿಕ ಶಿಕ್ಷಕಿ:

ಆಸೆ ಸುಳ್ಳಲ್ಲ, ಅದಕ್ಕಾಗಿ ಕೋಚ್ ಅವರನ್ನು ನಾನು ದೂರುವುದೂ ಇಲ್ಲ. ಮೇಲಿನ ವಿಭಾಗಕ್ಕೆ ಹೋಗುವುದೇ ತಪ್ಪೆಂದರೆ ಮೇರಿ ಕೋಮ್‌ಗೆ ಒಲಿಂಪಿಕ್ ಪದಕ ಬರುತ್ತಿರಲಿಲ್ಲ: 48 ಕಿಲೋದಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು, ಲಂಡನ್ನಿನಲ್ಲಿ ಆ ವಿಭಾಗವೇ ಇಲ್ಲದ ಕಾರಣ 51ಕ್ಕೆ ಏರಿ ಕಂಚು ತಂದರು. ಟೋಕಿಯೊದಲ್ಲಿ 69 ಕಿಲೋದ ಕಂಚು ಗೆದ್ದ ಲವ್ಲಿನಾ ಬೊರ್ಗೊಹೈನ್ ಕೂಡ ಪ್ಯಾರಿಸ್‌ನಲ್ಲಿ ಆ ವಿಭಾಗ ಇರದುದರಿಂದ 75ಕ್ಕೆ ಹೋಗಿ, 2023ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್ ಆದರು. ಇವರು ಏರಿದ ವಿಭಾಗಗಳಿಗೆ ಮೇಲ್ಮಿತಿಯಿತ್ತು; ಎದುರಾಳಿ 51 ಅಥವಾ 75 ದಾಟುವಂತಿರಲಿಲ್ಲ. 90 ಕಿಲೋ ಮೇಲ್ಪಟ್ಟ ವಿಭಾಗಕ್ಕೆ ಮೇಲ್ಮಿತಿಯೇ ಇಲ್ಲ. ನಿಮ್ಮ ಹುಡುಗ 91 ಕಿಲೋ ಆಗಿ ರಿಂಗ್ ಹತ್ತಿದರೆ ಎದುರಿಗೆ ಬರುವವನು 110 ಕಿಲೋ ಇದ್ದರೂ ಅದು ನ್ಯಾಯವಾದ ಬೌಟ್.

ರಾಜ್ಯಮಟ್ಟದಲ್ಲಿ ಎದುರಾಳಿಗಳು ಕಡಿಮೆ ಎಂಬುದು ನಿಜವಿರಬಹುದು. ಆದರೆ ಅಲ್ಲಿ ಗೆದ್ದವನನ್ನು ರಾಷ್ಟ್ರೀಯ ಪಂದ್ಯಾವಳಿಗೆ ಕಳುಹಿಸುತ್ತಾರೆ, ಅಲ್ಲಿ ಸರ್ವಿಸಸ್ (ಸೇನಾಪಡೆ), ರೈಲ್ವೆ, ಹರಿಯಾಣ ತಂಡಗಳ ಹುಡುಗರು ಕಾದಿರುತ್ತಾರೆ. ಸುಲಭವಾಗಿ ಗೆದ್ದ ಪದಕದ ಬೆಲೆಯನ್ನು ಅವನ ತಲೆ ಅಲ್ಲಿ ತೆರಬೇಕಾದೀತು. ಹಿರಿಯ ಪುರುಷರ ವಿಭಾಗದಲ್ಲಿ 2013ರಿಂದ ತಲೆ ಕಾಯುವ ಹೆಡ್‌ಗಾರ್ಡ್ ಕೂಡ ಇಲ್ಲ. ನಿಮ್ಮ ಅಕ್ಕನ ಭಯವನ್ನು ಹೆಂಗಸರ ಭಯವೆಂದು ತಳ್ಳಿಹಾಕಬೇಡಿ.

ನನ್ನ ಸಲಹೆ ಇಷ್ಟು: ಈ ವರ್ಷ ಅವನು 85ರಲ್ಲೇ ಆಡಲಿ. ಈಗಿನ 83 ಕಿಲೋದಿಂದ ನಿಧಾನವಾಗಿ, ಪೈಲ್ವಾನರು ಹೇಳಿದ ತಾಳ್ಮೆಯಿಂದಲೇ, 88ರ ಆಸುಪಾಸಿಗೆ ಬಂದರೆ ಮುಂದೆ 90 ಕಿಲೋ ವಿಭಾಗವಿದೆ. 178 ಸೆಂಟಿಮೀಟರ್ ಎತ್ತರದವನಿಗೆ ಅದೇ ಕೊನೆಯ ಮೆಟ್ಟಿಲು ಎಂಬುದು ನನ್ನ ಅಭಿಪ್ರಾಯ. ಕೋಚ್ ಇದಕ್ಕೆ ಒಪ್ಪದಿದ್ದರೆ, ಹೆಸರು ನೋಂದಾಯಿಸುವ ಮೊದಲು ನೂರು ಕಿಲೋ ಮೇಲಿನ ಒಬ್ಬ ಅನುಭವಿ ಬಾಕ್ಸರ್‌ನೊಡನೆ, ಹೆಡ್‌ಗಾರ್ಡ್ ಹಾಕಿಸಿ, ಮೂರು ಸುತ್ತು ಹದವಾದ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಿಸಲು ಕೇಳಿ. ಆ ದಿನ ನೀವೂ ಕಣ್ಣೂರಿಗೆ ಹೋಗಿ, ಮೂರನೆಯ ಸುತ್ತಿನಲ್ಲಿ ಅವನ ಕೈ ಎಷ್ಟು ಕೆಳಗೆ ಇಳಿದಿದೆ ಎಂಬುದನ್ನು ನೋಡಿಕೊಂಡು ಬನ್ನಿ.