ಯಾವ ರೀತಿ ಕಲಿತರೆ ತಲೆಯಲ್ಲಿ ನಿಲ್ಲುತ್ತದೆ? ನಿಮಗೆ ಹೇಗೆ ಗೊತ್ತಾಯ್ತು, ಹೇಳಿ

ಕೇಳಿದವರು: ತೀರ್ಥಹಳ್ಳಿ ಹತ್ತಿರದ ಹಳ್ಳಿಯಿಂದ

ನಮಸ್ಕಾರ. ನನಗೆ 31 ವರ್ಷ. ಒಂಬತ್ತು ವರ್ಷ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿದೆ. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿ ತೋಟ ಸುತ್ತೋಕೆ ಆಗುತ್ತಿಲ್ಲ. ಹೋದ ದೀಪಾವಳಿಗೆ ಊರಿಗೆ ಬಂದವಳು ಇಲ್ಲೇ ಉಳಿದೆ. ಮೂರು ಎಕರೆ ಅಡಿಕೆ, ನಡುವೆ ಒಂದಿಷ್ಟು ಕಾಳುಮೆಣಸು.

ಕಷ್ಟ ಏನಂದ್ರೆ, ಕಲಿತದ್ದು ನಿಲ್ಲುತ್ತಿಲ್ಲ. ವಿಡಿಯೋ ನೋಡಿದ್ದೇನೆ. ಎರಡು ನೋಟ್‌ಬುಕ್ ತುಂಬಿಸಿದ್ದೇನೆ. ಬಣ್ಣದ ಪೆನ್ನಿನಲ್ಲಿ ಗೆರೆ ಕೂಡ ಎಳೆದಿದ್ದೇನೆ. ತೋಟಕ್ಕೆ ಇಳಿದರೆ ತಲೆ ಖಾಲಿ. ಅಪ್ಪ ‘ನೋಡ್ತಾ ಇರು, ಬರುತ್ತೆ’ ಅಂತಾರೆ. ನೋಡ್ತಾನೇ ಇದ್ದೇನೆ, ಬಂದಿಲ್ಲ. ಮೊನ್ನೆ ಫೋನಿನಲ್ಲಿ ಯಾವುದೋ ಪರೀಕ್ಷೆ ತಗೊಂಡೆ. ‘ನೀವು ನೋಡಿ ಕಲಿಯುವವರು’ ಅಂತ ಬಂತು. ಹಾಗಿದ್ರೆ ನೋಡಿದ್ದು ಯಾಕೆ ನಿಲ್ಲಲಿಲ್ಲ?

ನಿಮಗೆ ಹೊಂದುವ ರೀತಿ ಯಾವುದು ಅಂತ ನೀವು ಹೇಗೆ ಕಂಡುಕೊಂಡ್ರಿ? ತೋಟದವರೇ ಹೇಳಬೇಕು ಅಂತಿಲ್ಲ, ಏನು ಕಲಿತವರಾದ್ರೂ ಸರಿ. ಮಳೆಗಾಲ ಬಂತು, ಔಷಧಿ ಹೊಡೆಸಬೇಕು. ನನಗೆ ಪುಕಪುಕ ಅಂತಿದೆ.

ಸಾಗರದ ಕಡೆಯ ಅಡಿಕೆ ಬೆಳೆಗಾರರು:

ನನ್ನ ಮಗಳ ವಯಸ್ಸು ನಿನಗೆ, ಹಾಗಾಗಿ ನೀನು ಅಂತಲೇ ಬರೀತೀನಿ. ಔಷಧಿ ಅಂದೆಯಲ್ಲ, ನನ್ನ ಕಥೆಯೂ ಅಲ್ಲಿಂದಲೇ ಶುರು.

ನಾನು ಹುಡುಗನಾಗಿದ್ದಾಗಿನಿಂದ ಅಪ್ಪಯ್ಯ ಬೋರ್ಡೋ, ಅಂದರೆ ಅಡಿಕೆಗೆ ಕೊಳೆ ರೋಗ ಬರದ ಹಾಗೆ ಹೊಡೆಯೋ ಔಷಧಿ, ಕಲಸೋದನ್ನು ನೋಡಿದವನು. ಎಂಟು ವರ್ಷ ಆದ್ರೂ ನೋಡಿದ್ದೇನೆ. ಲೆಕ್ಕ ಬಾಯಿಪಾಠ: ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ತುತ್ತಕ್ಕೆ ಐವತ್ತು ಲೀಟರ್, ಸುಣ್ಣಕ್ಕೆ ಐವತ್ತು ಲೀಟರ್, ಬೇರೆ ಬೇರೆ ಕರಗಿಸಬೇಕು. ಒಂದು ವರ್ಷ ಅಪ್ಪಯ್ಯ ನೆಂಟರ ಮದುವೆಗೆ ಹೋದರು. ಕೊನೆಗಾರರು, ಅಂದರೆ ಮರ ಹತ್ತಿ ಔಷಧಿ ಹೊಡೆಯುವವರು, ಬಂದು ನಿಂತಿದ್ದಾರೆ, ಆಕಾಶ ಕಪ್ಪಿಟ್ಟಿದೆ. ನಾನೇ ಕಲಸಿದೆ. ಸುಣ್ಣದ ನೀರನ್ನು ತುತ್ತದ ನೀರಿಗೆ ಸುರಿದೆ.

ಅದು ತಿರುವು ಮುರುವು. ತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು, ಹಾಕುತ್ತಾ ಕದಡುತ್ತಾ ಇರಬೇಕು. ನಾನು ಮಾಡಿದ್ದು ಹೆಪ್ಪು ಹೆಪ್ಪಾಗಿ ಅಡಿಗೆ ಇಳಿಯಿತು. ಕೊನೆಗಾರ ಮರದ ತುದಿಯಲ್ಲಿ, ಕೆಳಗೆ ಪಂಪು ಒತ್ತುವವನು ಒತ್ತುತ್ತಲೇ ಇದ್ದಾನೆ, ಮೇಲೆ ಹನಿಯೂ ಬರಲ್ಲ. ನಾಜಲ್ ಕಟ್ಟಿತ್ತು. ಅವತ್ತು ಅವನು ಮರದ ಮೇಲಿಂದ ಬೈದದ್ದು ಇಲ್ಲಿ ಬರೆಯೋ ಹಾಗಿಲ್ಲ.

ಆಮೇಲೆ ಕೂತು ಯೋಚಿಸಿದೆ. ಎಂಟು ವರ್ಷ ನಾನು ನೋಡಿದ್ದು ಏನು? ಬಣ್ಣ. ಆ ತಿಳಿ ನೀಲಿ ಚೆಂದ ಕಾಣುತ್ತಿತ್ತು, ಅದನ್ನೇ ನೋಡುತ್ತಿದ್ದೆ. ಯಾವುದು ಮೊದಲು, ಯಾವುದು ಯಾವುದಕ್ಕೆ ಅನ್ನೋದು ಕಣ್ಣೆದುರೇ ಇತ್ತು, ನೋಡಿರಲಿಲ್ಲ. ಅಪ್ಪಯ್ಯ ಕೊನೆಗೆ ಕತ್ತಿ ಅದ್ದುತ್ತಿದ್ದರು. ಅದು ಏನೋ ಶಾಸ್ತ್ರ ಅಂದುಕೊಂಡಿದ್ದೆ! ಕಬ್ಬಿಣದ ಮೇಲೆ ಕೆಂಪು ಕೂತರೆ ತುತ್ತ ಜಾಸ್ತಿ, ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ.

ಅಲ್ಲಿಂದ ನನಗೊಂದು ರೂಢಿಯಾಯಿತು. ಹಗಲು ಕೈಯಲ್ಲಿ ಮಾಡೋದು. ರಾತ್ರಿ ಊಟ ಆದ ಮೇಲೆ ನೆನಪಿನಿಂದ ಬರೆಯೋದು, ಯಾವುದನ್ನೂ ನೋಡದೆ. ಬರೆಯುವಾಗ ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ನನಗೆ ಗೊತ್ತಿಲ್ಲ ಅಂತ ಲೆಕ್ಕ. ನೀನು ಬರೆದಿಟ್ಟು ಮಾಡೋಕೆ ಹೊರಟಿದ್ದೀಯ. ನಾನು ಮಾಡಿ ಬರೆಯುವವನು. ಒಂದು ಸಲ ಹಿಂದುಮುಂದು ಮಾಡಿ ನೋಡು.

ಭದ್ರಾವತಿಯಿಂದ ಒಬ್ಬರು:

ಇಷ್ಟೆಲ್ಲ ಯಾಕೆ? ಮಾಡಿ ಕಲಿ, ನೋಡಿ ತಿಳಿ ಅಂತ ಹಿರಿಯರೇ ಹೇಳಿದ್ದಾರೆ. ಹತ್ತು ಸಲ ತಪ್ಪು ಮಾಡಿ, ತಾನಾಗೇ ಬರುತ್ತೆ.

ಸಾಗರದ ಅಡಿಕೆ ಬೆಳೆಗಾರರು:

ಹತ್ತು ಸಲದ ತುತ್ತ, ಸುಣ್ಣ, ಆಳಿನ ಕೂಲಿ ನೀವು ಕೊಡ್ತೀರಾ ಮಾರಾಯ್ರೆ? ಒಂದು ಸಲ ಔಷಧಿ ತಪ್ಪಿದರೆ ಕೊಳೆ ಬಂದು ಅಡಿಕೆ ಎಲ್ಲ ಬುಡಕ್ಕೆ ಉದುರುತ್ತೆ.

ಶಿವಮೊಗ್ಗದಿಂದ, ನಿವೃತ್ತ ಹೈಸ್ಕೂಲ್ ಟೀಚರ್:

ಫೋನಿನ ಪರೀಕ್ಷೆ ಬಗ್ಗೆ ಎರಡು ಮಾತು. ಅದರ ಹಿಂದಿನ ಯೋಚನೆ ಹೊಸದಲ್ಲ. ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅನ್ನುವವರು 1987ರಲ್ಲಿ ‘ವಾರ್ಕ್’ ಅಂತ ಒಂದು ಪ್ರಶ್ನಾವಳಿ ಮಾಡಿದರು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಓದಿ ಬರೆದು ಕಲಿಯುವವರು, ಮಾಡಿ ಕಲಿಯುವವರು ಅಂತ ನಾಲ್ಕು ಬಗೆ. ನಾನೂ ಕ್ಲಾಸಿನಲ್ಲಿ ಮಕ್ಕಳನ್ನು ಹೀಗೆ ವಿಂಗಡಿಸಿ ಖುಷಿಪಟ್ಟವಳೇ. ಆದರೆ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದರು. ಅವರವರ ಬಗೆಗೆ ತಕ್ಕಂತೆ ಕಲಿಸಿದರೆ ಜಾಸ್ತಿ ಕಲಿಯುತ್ತಾರೆ ಅನ್ನೋದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಜನರಿಗೆ ಇಷ್ಟ ಅಂತ ಒಂದು ಇರುತ್ತದೆ, ಅದು ನಿಜ. ಇಷ್ಟವಾದದ್ದೇ ಉಳಿಯುತ್ತದೆ ಅನ್ನೋದು ಬೇರೆ ಮಾತು.

ನನಗೆ ಇದು ಅರ್ಥವಾದದ್ದು ಹಕ್ಕಿಗಳಿಂದ. ನಿವೃತ್ತಿಯಾದ ಮೇಲೆ ಹಕ್ಕಿ ಗುರುತಿಸೋ ಹುಚ್ಚು ಹಿಡಿಯಿತು. ಚಿತ್ರದ ಪುಸ್ತಕ ಅಂದರೆ ನನಗೆ ಪ್ರಾಣ. ಕೂತು ಪುಟ ತಿರುವುತ್ತಿದ್ದರೆ ಎಲ್ಲ ಗೊತ್ತಾದ ಹಾಗೆ ಅನ್ನಿಸುತ್ತಿತ್ತು. ಹೊರಗೆ ಹೋದರೆ ಶೂನ್ಯ. ನಿಮ್ಮ ಹಾಗೇ, ಅಲ್ವಾ?

ಆಗ ಅಮೆರಿಕದ ಒಂದು ಪ್ರಯೋಗದ ಬಗ್ಗೆ ಓದಿದೆ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವವರು 2006ರಲ್ಲಿ ಪ್ರಕಟಿಸಿದ್ದು. ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನು ಎರಡು ಸಲ ಓದಿದರು. ಉಳಿದವರು ಒಂದು ಸಲ ಓದಿ, ಮುಚ್ಚಿಟ್ಟು, ನೆನಪಾದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ನೂರಕ್ಕೆ 42ರಷ್ಟು ನೆನಪಿತ್ತು, ಮುಚ್ಚಿಟ್ಟು ಬರೆದವರಿಗೆ 56ರಷ್ಟು. ತಮಾಷೆ ಅಂದರೆ, ಇನ್ನೊಂದು ಸುತ್ತಿನಲ್ಲಿ ‘ನನಗೆ ಚೆನ್ನಾಗಿ ನೆನಪಿರುತ್ತೆ’ ಅಂತ ಜಾಸ್ತಿ ಭರವಸೆ ಇದ್ದದ್ದು ಮತ್ತೆ ಮತ್ತೆ ಓದಿದವರಿಗೇ.

ಸರಿ, ನನ್ನ ಮೇಲೇ ಪ್ರಯೋಗ ಮಾಡಿಕೊಂಡೆ. ಇಪ್ಪತ್ತು ಹಕ್ಕಿಗಳನ್ನು ಬರೀ ಪುಸ್ತಕ ನೋಡಿ ಕಲಿತೆ. ಇನ್ನಿಪ್ಪತ್ತನ್ನು ಹೆಸರಿನ ಮೇಲೆ ಕಾಗದ ಮುಚ್ಚಿ, ಊಹಿಸಿ, ಆಮೇಲೆ ತೆಗೆದು ನೋಡಿ ಕಲಿತೆ. ಎರಡನೆಯದು ಮಹಾ ಕಿರಿಕಿರಿ, ತಪ್ಪುಗಳೇ ಜಾಸ್ತಿ. ಎಂಟು ದಿನ ಬಿಟ್ಟು ಮೊಮ್ಮಗನ ಕೈಲಿ ಕೇಳಿಸಿಕೊಂಡೆ. ಮೊದಲನೆಯದರಲ್ಲಿ ಏಳು ಬಂತು. ಕಿರಿಕಿರಿಯದರಲ್ಲಿ ಹದಿಮೂರು!

ಆದರೂ ಒಂದು ಜೋಡಿ ಮಾತ್ರ ಕಾಗದದಲ್ಲಿ ಬಗೆಹರಿಯಲೇ ಇಲ್ಲ. ನೀರುಕಾಗೆ ಮತ್ತು ಹಾವಕ್ಕಿ. ತೀರ್ಥಹಳ್ಳಿ ದಾರಿಯಲ್ಲಿ ಮಂಡಗದ್ದೆ ಇದೆಯಲ್ಲ, ನಿಮಗೆ ಹತ್ತಿರವೇ, ತುಂಗೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಹಕ್ಕಿಗಳು ಗೂಡು ಕಟ್ಟುತ್ತವೆ. ಅಲ್ಲಿ ಹೋಗಿ ನಿಂತೆ. ಒಂದು ಹಕ್ಕಿ ಈಜುತ್ತಿತ್ತು, ಮೈಯೆಲ್ಲ ನೀರೊಳಗೆ, ಕತ್ತು ಮಾತ್ರ ಮೇಲೆ, ಥೇಟ್ ಹಾವು. ಆಮೇಲೆ ಯಾವತ್ತೂ ತಪ್ಪಲಿಲ್ಲ. ಹಾಗಾಗಿ ‘ನಾನು ಇಂಥ ಬಗೆಯವಳು’ ಅಂತ ಹಣೆಪಟ್ಟಿ ಹಚ್ಚಿಕೊಳ್ಳಬೇಡಿ. ಹೆಸರಿಗೆ ಒಂದು ದಾರಿ, ಹಕ್ಕಿ ಈಜುವ ರೀತಿಗೆ ಇನ್ನೊಂದು. ಎರಡು ರೀತಿ ಹಿಡಿದು, ಒಂದು ವಾರ ಬಿಟ್ಟು, ಪರೀಕ್ಷೆ ಮಾಡಿ. ಅದೇ ದಿನ ಮಾಡಿದರೆ ಮೋಸ ಹೋಗ್ತೀರಿ.

ಶಿವಮೊಗ್ಗದಿಂದ, ಬ್ಯಾಂಕಿನಲ್ಲಿದ್ದವರು:

ಟೀಚರ್ ಹೇಳಿದ್ದು ಸರಿ, ಆದರೆ ಇಷ್ಟವನ್ನು ಅಷ್ಟು ಸಲೀಸಾಗಿ ತಳ್ಳಿಹಾಕಬೇಡಿ.

ನಮ್ಮೂರಿನ ಪಕ್ಕದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಗಮಕಕ್ಕಾಗಿ ಪದ್ಮಶ್ರೀ ಬಂತಲ್ಲ, ಅದನ್ನು ಪತ್ರಿಕೆಯಲ್ಲಿ ಓದಿ ನನಗೂ ಆಸೆ ಹುಟ್ಟಿತು. ಗಮಕ ಅಂದರೆ ಕಾವ್ಯವನ್ನು ರಾಗದಲ್ಲಿ ಓದೋದು. ತಾಳ ಇಲ್ಲ, ಪದ ಎಲ್ಲಿ ಒಡೆಯಬೇಕು ಅನ್ನೋದೇ ಮುಖ್ಯ. ಒಬ್ಬರ ಬಳಿ ಪಾಠಕ್ಕೆ ಸೇರಿದೆ. ನಾನು ಕಿವಿಯ ಮನುಷ್ಯ, ರೇಡಿಯೋ ಕೇಳುತ್ತಾ ಬೆಳೆದವನು. ಅವರು ಹೇಳಿಕೊಟ್ಟದ್ದನ್ನು ಮೊಬೈಲಿನಲ್ಲಿ ಹಿಡಿದು, ಬೆಳಗಿನ ವಾಕಿಂಗಿನಲ್ಲಿ ಕೇಳಿದ್ದೇ ಕೇಳಿದ್ದು. ಕೇಳುವಾಗ ಜೊತೆಗೆ ಹಾಡಲೂ ಬರುತ್ತಿತ್ತು. ಗುರುಗಳ ಮುಂದೆ ಒಬ್ಬನೇ ಶುರು ಮಾಡಿದರೆ ಮೂರನೇ ಸಾಲಿಗೆ ಉಸಿರು ಹೋಯಿತು. ಭಾಮಿನಿ ಷಟ್ಪದಿಯಲ್ಲಿ ಮೊದಲೆರಡು ಸಾಲು ಹದಿನಾಲ್ಕು ಹದಿನಾಲ್ಕು ಮಾತ್ರೆ, ಮೂರನೆಯದು ಇಪ್ಪತ್ತಮೂರು. ಅದು ನನ್ನ ಕಿವಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಗುರುಗಳು ಒಂದು ಪೆನ್ಸಿಲ್ ಕೊಟ್ಟರು. ಪದ ಒಡೆಯುವ ಕಡೆಯೆಲ್ಲ ನೀವೇ ಗೆರೆ ಹಾಕಿ ತನ್ನಿ ಅಂದರು. ನನಗೆ ಬೇಡವಾದ ಕೆಲಸ. ಬರವಣಿಗೆ ಸಾಕಾಗಿಯೇ ಬ್ಯಾಂಕಿನಿಂದ ಹೊರಗೆ ಬಂದವನು! ಆದರೆ ಅದೇ ಕೆಲಸ ಮಾಡಿತು. ಹಾಗಿದ್ದರೂ ಬರೀ ಪೆನ್ಸಿಲ್ ಅಂತಾಗಿದ್ದರೆ ಎರಡನೇ ವಾರಕ್ಕೆ ಬಿಟ್ಟು ಓಡಿರುತ್ತಿದ್ದೆ. ಕೇಳುವ ಸುಖ ನನ್ನನ್ನು ಅಲ್ಲಿ ಹಿಡಿದು ಕೂರಿಸಿತು. ಇಷ್ಟವಾದ ದಾರಿಯಿಂದ ಒಳಗೆ ಬನ್ನಿ, ಇಷ್ಟವಿಲ್ಲದ್ದನ್ನು ಒಳಗೆ ಬಂದ ಮೇಲೆ ಮಾಡಿ.

ತೀರ್ಥಹಳ್ಳಿಯವರು:

ಎಲ್ಲರಿಗೂ ಥ್ಯಾಂಕ್ಸ್. ಓದಿ ಸ್ವಲ್ಪ ಧೈರ್ಯ ಬಂತು. ಆದರೆ ಒಂದು ತೊಡಕು. ನಮ್ಮಪ್ಪನನ್ನು ಕೇಳಿದರೆ ಹೇಳೋದೇ ಇಲ್ಲ. ‘ಯಾಕೆ ಹೀಗೆ’ ಅಂದರೆ ‘ಅದು ಹಾಗೇ’ ಅಂತಾರೆ. ಎರಡು ಸಲ ಕೇಳಿದರೆ ರೇಗುತ್ತಾರೆ.

ಹೊಸನಗರದಿಂದ, ಸೊಸೆಯಾಗಿ ಬಂದವರು:

ನಿಮ್ಮಪ್ಪ ಮತ್ತು ನಮ್ಮತ್ತೆ ಒಂದೇ ಶಾಲೆ ಅನ್ನಿಸುತ್ತೆ. ನಾನು ಹಾವೇರಿ ಕಡೆಯವಳು. ಮದುವೆಯಾಗಿ ಬಂದಾಗ ಅಡಿಕೆಯನ್ನು ಬೀಡಾ ಅಂಗಡಿಯಲ್ಲಿ ಮಾತ್ರ ಕಂಡಿದ್ದೆ. ಇಲ್ಲಿ ಸುಲಿಯೋದು, ಬೇಯಿಸೋದು, ಒಣಗಿಸೋದು, ಆಮೇಲೆ ಜಗುಲಿಯಲ್ಲಿ ಕೂತು ಆರಿಸೋದು. ಅಡಿಕೆಯಲ್ಲೇ ಬಗೆಗಳು, ರಾಶಿ ಬೇರೆ, ಬೆಟ್ಟೆ ಬೇರೆ, ಗೊರಬಲು ಬೇರೆ. ನನಗೆ ಎಲ್ಲವೂ ಒಂದೇ ಕೆಂಪು.

ಅತ್ತೆ ಬಾಯಿ ಬಿಡುತ್ತಿರಲಿಲ್ಲ. ನಾನು ಹಾಕಿದ್ದನ್ನು ಸುಮ್ನೆ ಎತ್ತಿ ಪಕ್ಕದ ಗುಡ್ಡೆಗೆ ಹಾಕುತ್ತಿದ್ದರು. ಯಾಕೆ ಅಂದರೆ ‘ಹಂಗೇ’. ಮೊದಲು ಬೇಜಾರಾಗುತ್ತಿತ್ತು, ನನಗೆ ಹೇಳಿಕೊಡೋಕೆ ಇಷ್ಟ ಇಲ್ಲವೇನೋ ಅಂತ. ಎಷ್ಟೋ ದಿನದ ಮೇಲೆ ತಿಳಿಯಿತು, ಅವರಿಗೆ ಹೇಳಲು ಬರುವುದಿಲ್ಲ. ನಲವತ್ತು ವರ್ಷ ಮಾಡಿದ ಕೆಲಸ ಬಾಯಿಗೆ ಬರದ ಹಾಗೆ ಕೈಗೆ ಇಳಿದುಬಿಟ್ಟಿದೆ.

ಆಮೇಲೆ ಒಂದು ಉಪಾಯ ಸಿಕ್ಕಿತು, ಬೇಕು ಅಂತ ಮಾಡಿದ್ದಲ್ಲ. ಒಂದು ಅಡಿಕೆ ಎತ್ತಿ ‘ಇದು ಕಪ್ಪಗಿದೆ, ಅದಕ್ಕೇ ಈ ಕಡೆ’ ಅಂತ ಗಟ್ಟಿಯಾಗಿ ಅಂದುಕೊಂಡೆ. ಅತ್ತೆಗೆ ತಡೆಯಲಿಲ್ಲ. ‘ಯಾರು ಹೇಳಿದ್ದು? ಬಣ್ಣಕ್ಕೆ ಮೋಸ ಹೋಗಬ್ಯಾಡ, ಮೈ ನೋಡು’ ಅಂದರು! ನಾನು ಪ್ರಶ್ನೆ ಕೇಳಿದರೆ ಉತ್ತರ ಇಲ್ಲ. ತಪ್ಪು ಉತ್ತರ ಹೇಳಿದರೆ ಮಾತ್ರ ಸುಮ್ಮನಿರೋಕೆ ಆಗಲ್ಲ ಅವರಿಗೆ. ಆ ಸುಗ್ಗಿಯೆಲ್ಲ ನಾನು ಜೋರಾಗಿ ತಪ್ಪು ಹೇಳಿಕೊಂಡೇ ಕಲಿತೆ. ಅದೇ ನನ್ನ ರೀತಿ ಅಂತ ಗೊತ್ತಾದದ್ದೂ ಆಗಲೇ. ಈಗ ಮಗಳ ಗಣಿತಕ್ಕೂ ಹಾಗೇ. ನಾನು ತಪ್ಪು ಹೇಳ್ತೀನಿ, ಅವಳು ತಿದ್ದುತ್ತಾಳೆ. ಒಂದೊಂದು ಸಲ ನಿಜವಾಗಿಯೂ ತಪ್ಪಿರುತ್ತೆ, ಅದು ಅವಳಿಗೆ ಗೊತ್ತಿಲ್ಲ.

ನಿಮ್ಮಪ್ಪನನ್ನು ಕೇಳಬೇಡಿ. ಎದುರು ಕೂತು ನೀವೇ ಹೇಳಿ.

ತೀರ್ಥಹಳ್ಳಿಯವರು, ಹತ್ತು ದಿನದ ನಂತರ:

ಹೇಳಿದೆ. ನೋಟ್‌ಬುಕ್ ಒಳಗಿಟ್ಟು, ಸಂಜೆ ಕಾಫಿ ಹೊತ್ತಿಗೆ ಅಪ್ಪನ ಮುಂದೆ ಕೂತು, ಔಷಧಿ ಕಲಸೋದನ್ನು ಮೊದಲಿಂದ ಕೊನೆಯವರೆಗೆ. ಸಾಗರದವರ ಕಥೆ ಓದಿದ್ದರಿಂದ ಯಾವುದಕ್ಕೆ ಯಾವುದು ಅನ್ನೋದು ತಪ್ಪಲಿಲ್ಲ. ಪಾತ್ರೆಯಲ್ಲಿ ತಪ್ಪಿದೆ. ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸ್ತೀನಿ ಅಂದೆ, ಅಪ್ಪ ಕಾಫಿ ಲೋಟ ಕೆಳಗಿಟ್ಟರು. ಪ್ಲಾಸ್ಟಿಕ್ಕೇ ಆಗಬೇಕಂತೆ. ಎಷ್ಟು ಬೇಕೋ ಅಷ್ಟೇ ಕಲಸಿ ಅವತ್ತೇ ಮುಗಿಸಬೇಕು ಅನ್ನೋದೂ ಬಿಟ್ಟುಹೋಗಿತ್ತು. ಇನ್ನೊಂದು ಮಾತು ಅಪ್ಪನೇ ಸೇರಿಸಿದರು. ಹರಳು ಸುಣ್ಣವನ್ನು ಮೊದಲೇ ತಂದು ಬಾಯಿ ತೆರೆದಿಡಬಾರದು, ನಮ್ಮ ಮಳೆಗಾಲದ ಗಾಳಿಗೆ ಪುಡಿಯಾಗಿ ಸತ್ವ ಹೋಗುತ್ತೆ ಅಂತ. ಅದು ನನ್ನ ಎರಡೂ ನೋಟ್‌ಬುಕ್‌ನಲ್ಲಿ ಇರಲಿಲ್ಲ. ‘ಇಷ್ಟು ದಿನ ಯಾಕೆ ಹೇಳಲಿಲ್ಲ’ ಅಂದೆ. ‘ನಿನಗೆ ಗೊತ್ತಿಲ್ಲ ಅಂತ ನನಗೇನು ಗೊತ್ತು’ ಅಂದರು.

ಶನಿವಾರ ಕೊನೆಗಾರರು ಬರ್ತಾರೆ. ಸಾಗರದ ಮಾವ, ಕತ್ತಿ ಎಷ್ಟು ಹೊತ್ತು ಅದ್ದಿಡಬೇಕು?

ಸಾಗರದ ಅಡಿಕೆ ಬೆಳೆಗಾರರು:

ಒಂದು ನಿಮಿಷ ಅದ್ದಿದರೆ ಸಾಕು. ತುಕ್ಕು ಹಿಡಿದದ್ದು ಬೇಡ, ಚೆನ್ನಾಗಿ ಉಜ್ಜಿ ಹೊಳೆಯೋ ಹಾಗೆ ಮಾಡಿಕೋ. ತುಕ್ಕಿನ ಕೆಂಪು, ತುತ್ತದ ಕೆಂಪು ಎರಡೂ ಸೇರಿಬಿಟ್ಟರೆ ನನಗೂ ಗೊತ್ತಾಗಲ್ಲ.